ಅಮ್ಮನ ಯುದ್ಧದಲ್ಲಿ ಯಾರೂ ಬೀಳುವುದಿಲ್ಲ

ನಮ್ಮಮ್ಮ ಈ ದೇಶದ ಯುದ್ಧಗಳನ್ನೆಲ್ಲ ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲೇ ಮಾಡಿ ಮುಗಿಸಿದ್ದಾಳೆ. ದಸರಾ ಬಂತೆಂದರೆ ಟಿವಿ ಮೇಜು ರೂಮಿಗೆ ಹೋಗುತ್ತದೆ. ಆ ಮೂಲೆಯಲ್ಲಿ ಹಲಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಮೇಲೆ ಅಪ್ಪನ ಬಿಳಿ ಪಂಚೆ ಹಾಸಿದರೆ ಗೊಂಬೆ ಕೂರಿಸಲು ಜಾಗ ಸಿದ್ಧ. ಮೇಲಿನ ಮೆಟ್ಟಿಲಲ್ಲಿ ಅಮ್ಮನ ತವರಿನಿಂದ ಬಂದ ಮರದ ರಾಜ-ರಾಣಿ, ಅಂದರೆ ಪಟ್ಟದ ಗೊಂಬೆ. ಅದರ ಕೆಳಗೆ ದೇವರುಗಳು, ಮದುವೆ ದಿಬ್ಬಣ, ಚನ್ನಪಟ್ಟಣದ ಬಣ್ಣದ ಆಟಿಕೆಗಳು. ಇಷ್ಟು ಎಲ್ಲರ ಮನೆಯಲ್ಲೂ ಇರುವುದೇ. ನಮ್ಮಲ್ಲಿ ಹೆಚ್ಚಿಗೆ ಇರುವುದು ಕೆಳಗೆ, ನೆಲದ ಮೇಲೆ. ಅಲ್ಲಿ ಒಂದು ಯುದ್ಧಭೂಮಿ ಇರುತ್ತದೆ.

ಬೇರೆ ಮನೆಗಳಲ್ಲಿ ಆ ಜಾಗದಲ್ಲಿ ಪಾರ್ಕು ಮಾಡುತ್ತಾರೆ, ಮೃಗಾಲಯ ಮಾಡುತ್ತಾರೆ, ಈಚೆಗೆ ಮೆಟ್ರೋ ಸ್ಟೇಷನ್ನನ್ನೂ ಮಾಡುತ್ತಾರೆ. ಅಮ್ಮನಿಗೆ ಯುದ್ಧವೇ ಆಗಬೇಕು. ಯಾಕೆ ಎಂದು ಕೇಳಿದರೆ ಅವಳು ಹೇಳುವುದು ಒಂದು ಸ್ವೆಟರಿನ ಕಥೆ. ಚೀನಾ ಯುದ್ಧದ ಕಾಲಕ್ಕೆ ಅವಳು ಮಿಡ್ಲ್ ಸ್ಕೂಲಿನ ಹುಡುಗಿ. ಸೈನಿಕರಿಗೆಂದು ಶಾಲೆಯ ಹುಡುಗಿಯರೆಲ್ಲ ಸ್ವೆಟರು ಹೆಣೆದು ಕಳಿಸಿದರಂತೆ. ಅಮ್ಮ ಹೆಣೆದದ್ದರಲ್ಲಿ ಒಂದು ತೋಳು ಇನ್ನೊಂದಕ್ಕಿಂತ ಉದ್ದವಾಯಿತು. ಬಿಚ್ಚಿ ಸರಿಮಾಡುವಷ್ಟರಲ್ಲಿ ಮೇಷ್ಟ್ರು ಗಂಟು ಕಟ್ಟಿಕೊಂಡು ಹೊರಟೇಬಿಟ್ಟರು. "ಅದು ಯಾರ ಪಾಲಿಗೆ ಬಂತೋ ಪಾಪ, ಬಂದೂಕು ಹಿಡಿಯೋವಾಗ ಆ ತೋಳು ಕೈಗೆ ಅಡ್ಡ ಬಂತೋ ಏನೋ" ಎಂದು ಎಪ್ಪತ್ತು ದಾಟಿದ ಮೇಲೂ ಚಿಂತೆ ಮಾಡುತ್ತಾಳೆ. ಆ ಯುದ್ಧದ ಬಗ್ಗೆ ನಾನು ಸಿಕ್ಕಿದ್ದೆಲ್ಲ ಓದಿದ್ದೇನೆ. ಸೋಲಿಗೆ ಎಷ್ಟೋ ಕಾರಣ ಬರೆದಿದ್ದಾರೆ. ನಮ್ಮಮ್ಮನ ತೋಳಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಿಲ್ಲ.

ಅಮ್ಮನ ಹತ್ತಿರ ಇರುವುದು ಒಂದೇ ಸೈನ್ಯ. ಮದುವೆಯಾದ ಹೊಸದರಲ್ಲಿ ಮೈಸೂರಿನಲ್ಲಿ ಕೊಂಡ ಜಂಬೂಸವಾರಿ ಸೆಟ್ಟಿನ ಮಣ್ಣಿನ ಸಿಪಾಯಿಗಳು. ಕೆಂಪು ಕೋಟು, ತಲೆಯ ಮೇಲೆ ತುರಾಯಿ, ಹುರಿ ಮಾಡಿದ ಮೀಸೆ. ಆನೆ, ಅಂಬಾರಿ, ಬ್ಯಾಂಡಿನವರು ಎಲ್ಲ ಒಡೆದುಹೋಗಿ ಸಿಪಾಯಿಗಳು ಮಾತ್ರ ಉಳಿದುಕೊಂಡರು. ಅರಮನೆಯ ಮುಂದೆ ಮೆರವಣಿಗೆ ಹೋಗಬೇಕಾಗಿದ್ದವರು ಹಿಮಾಲಯದಲ್ಲಿ ಚೀನಾದ ಎದುರು ನಿಂತರು, ಎಪ್ಪತ್ತೊಂದರ ಯುದ್ಧಕ್ಕೆ ಬಂಗಾಳದ ನದಿ ದಾಟಿದರು, ಆಮೇಲೆ ಕಾರ್ಗಿಲ್ ಗುಡ್ಡವನ್ನೂ ಹತ್ತಿದರು. ಎಲ್ಲ ಅದೇ ಕೆಂಪು ಕೋಟಿನಲ್ಲಿ. ಕೈಯಲ್ಲಿ ಪೊರಕೆ ಕಡ್ಡಿಯ ಬಂದೂಕು. ಬೆಂಕಿಪೊಟ್ಟಣದ ಬಂಕರು. ನಾನು ಚಿಕ್ಕವನಿದ್ದಾಗಿನ ಪ್ಲಾಸ್ಟಿಕ್ ಟ್ಯಾಂಕು, ಅದರ ಒಂದು ಚಕ್ರ ಹೋಗಿ ಆ ಜಾಗಕ್ಕೆ ಅಂಗಿಯ ಗುಂಡಿ ಬಂದಿದೆ. ಗುಡ್ಡಕ್ಕೆ ಗೋಣಿಚೀಲ ಹೊದಿಸಿ, ಕೆಸರು ಬಳಿದು, ಔಷಧಿ ಅಂಗಡಿಯ ಹತ್ತಿ ಹರಡಿದರೆ ಹಿಮ. ಗೊಂಬೆಯ ಮುಂದೆ ಪೈರು ಬರಬೇಕೆಂದು ಆ ಕೆಸರಿನಲ್ಲೇ ರಾಗಿ ಎರಚಿರುತ್ತಾಳೆ. ಹಬ್ಬ ಮುಗಿಯುವ ಹೊತ್ತಿಗೆ ಹಿಮದ ನಡುವಿನಿಂದ ರಾಗಿ ಪೈರು ಹಸಿರಾಗಿ ಎದ್ದಿರುತ್ತದೆ.

ಇದನ್ನೆಲ್ಲ ನೋಡಿದರೆ ನನಗೆ ತಲೆ ಕೆಡುತ್ತದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಆದರೆ ನನಗಿರುವ ಹುಚ್ಚು ಯುದ್ಧದ ಇತಿಹಾಸದ್ದು. ಯಾವ ಪಡೆ ಯಾವ ದಾರಿಯಲ್ಲಿ ಹೋಯಿತು, ಯಾವ ಕಣಿವೆಯಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ನಕ್ಷೆ ಹರಡಿಕೊಂಡು ಕೂತರೆ ಊಟದ ನೆನಪಿರುವುದಿಲ್ಲ. ಮೂಗಿನ ತುದಿಯಲ್ಲೇ ಕೋಪ ಬೇರೆ. ಹಾಗಾಗಿ ಪ್ರತಿ ದಸರೆಗೂ ನಮ್ಮ ಹಾಲಿನಲ್ಲಿ ಎರಡು ಯುದ್ಧ ನಡೆಯುತ್ತವೆ.

"ಅಮ್ಮ, ಅಷ್ಟು ಎತ್ತರದಲ್ಲಿ ಹುಲ್ಲು ಕೂಡ ಬೆಳೆಯಲ್ಲ. ರಾಗಿ ಎಲ್ಲಿಂದ ಬಂತು?"

"ನಿನ್ನ ಪುಸ್ತಕದಲ್ಲಿ ಬೆಳೆಯಲ್ಲ. ನನ್ನ ಗುಡ್ಡದ ಮೇಲೆ ಬೆಳೆಯತ್ತೆ. ನೋಡು, ಬೆಳೆದಿದೆ."

"ಆ ಗುಡ್ಡಕ್ಕೆ ಟ್ಯಾಂಕ್ ಹತ್ತಲಿಲ್ಲ."

"ಮತ್ತೆ ಇರೋ ಟ್ಯಾಂಕನ್ನ ಎಲ್ಲಿ ಬಿಸಾಕ್ಲಿ?"

ಗುಡ್ಡದ ಬುಡದಲ್ಲಿ ಶೆಟ್ಟಿ ಮತ್ತು ಶೆಟ್ಟಮ್ಮ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ. ದಪ್ಪ ಹೊಟ್ಟೆಯ ಈ ಗಂಡ-ಹೆಂಡತಿ ಬೊಂಬೆಗಳಿಲ್ಲದೆ ಯಾರ ಮನೆಯ ಗೊಂಬೆ ಹಬ್ಬವೂ ಇಲ್ಲ, ಆದರೆ ಅವರ ಜಾಗ ಸಂತೆ. ಅಮ್ಮ ಅವರನ್ನು ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ರಾಶಿಗಳ ಸಮೇತ ಸೀದಾ ಯುದ್ಧಭೂಮಿಗೆ ಕಳಿಸಿದ್ದಾಳೆ. ಯಾಕಮ್ಮ ಎಂದರೆ, "ಅಷ್ಟು ಜನ ಗುಡ್ಡ ಹತ್ತಿದ್ದಾರಲ್ಲ, ಅವರಿಗೆ ಅಕ್ಕಿ ಬೇಳೆ ಯಾರು ಕೊಡ್ತಾರೆ, ನಿಮ್ಮಪ್ಪನಾ?" ಎನ್ನುತ್ತಾಳೆ. ಅಪ್ಪ ಇದ್ದ ಕಾಲದಲ್ಲಿ ಈ ಮಾತಿಗೆ ಪೇಪರಿನ ಹಿಂದಿನಿಂದ ನಗು ಕೇಳಿಸುತ್ತಿತ್ತು. ಇದೊಂದನ್ನು ನಾನೂ ಒಪ್ಪುತ್ತಿದ್ದೆ. ರೇಷನ್ ತಲುಪದೆ ಸೋತ ಸೈನ್ಯಗಳ ಕಥೆಗಳು ನನ್ನ ಕಪಾಟಿನಲ್ಲೇ ಬೇಕಾದಷ್ಟಿವೆ.

ಆದರೆ ನಮ್ಮಿಬ್ಬರ ನಿಜವಾದ ಜಗಳ ಬೇರೆ ವಿಷಯಕ್ಕೆ. ಅಮ್ಮನ ಯುದ್ಧದಲ್ಲಿ ಯಾರೂ ಬೀಳುವುದಿಲ್ಲ. ಪಾಡ್ಯದ ದಿನ ಕೂರಿಸಿದ ಗೊಂಬೆಯನ್ನು ಹಬ್ಬ ಮುಗಿಯುವವರೆಗೆ ಮಲಗಿಸುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ. ವಿಜಯದಶಮಿಯ ಸಂಜೆ ಆರತಿ ಎತ್ತಿದ ಮೇಲೆ ರಾಜ-ರಾಣಿಯನ್ನು ಪುಟ್ಟ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಅಲ್ಲಿಗೆ ಹಬ್ಬ ಮುಗಿದ ಲೆಕ್ಕ. ಅದಕ್ಕೆ ಮೊದಲು ಯಾವ ಗೊಂಬೆ ಮಲಗಿದರೂ ಮನೆಗೆ ಒಳ್ಳೆಯದಲ್ಲ ಎಂಬುದು ಅಮ್ಮನ ನಂಬಿಕೆ. ಫ್ಯಾನಿನ ಗಾಳಿಗೆ ಒಬ್ಬ ಸಿಪಾಯಿ ಉರುಳಿದರೂ ಓಡಿಬಂದು ಎತ್ತಿ ನಿಲ್ಲಿಸಿ, ತುಪ್ಪದ ದೀಪ ಹಚ್ಚಿ, "ತಪ್ಪಾಯ್ತಪ್ಪಾ" ಎಂದು ಅವನಿಗೇ ಕೈಮುಗಿಯುತ್ತಾಳೆ. ಹೀಗಾಗಿ ಅಷ್ಟು ವರ್ಷಗಳ ಅಷ್ಟೂ ಕದನಗಳಲ್ಲಿ ಒಬ್ಬನೇ ಒಬ್ಬ ಸಿಪಾಯಿಯೂ ಸತ್ತಿಲ್ಲ. ಮರುದಿನ ಸಿಪಾಯಿಗಳನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಟ್ರಂಕಿಗೆ ಹಾಕುವಾಗ ಅಮ್ಮ ಒಂದು ಮಾತು ಕೇಳುತ್ತಾಳೆ. "ಎಲ್ರೂ ಬಂದ್ರಾ?" ನಾನು ಟ್ರಂಕಿನೊಳಗೆ ಇಣುಕಿ "ಬಂದ್ರು" ಎನ್ನಬೇಕು. ಆಮೇಲೆಯೇ ಮುಚ್ಚಳ.

ಕಳೆದ ದಸರೆಗೆ ಅಮ್ಮ ಮತ್ತೆ ಕಾರ್ಗಿಲ್ ಮಾಡುತ್ತೇನೆಂದಳು. ಆ ಯುದ್ಧ ಅವಳಿಗೆ ಬಹಳ ಹತ್ತಿರ, ಯಾಕೆಂದರೆ ಅದನ್ನು ಅಪ್ಪನ ಪಕ್ಕ ಕೂತು ಟಿವಿಯಲ್ಲಿ ನೋಡಿದ್ದಳು. "ಮಂಡಿ ಕೈಕೊಟ್ಟಿದೆ, ನೆಲದ ಮೇಲೆ ಕೂತು ಏಳೋದು ಇದೇ ಕೊನೆ. ದೊಡ್ಡದಾಗೇ ಆಗ್ಲಿ" ಎಂದಳು. ನಾನು ವಿಜಯನಗರದಿಂದ ಥರ್ಮಾಕೋಲ್ ತಂದು, ಪುಸ್ತಕದ ಚಿತ್ರ ನೋಡಿಕೊಂಡು ಚೂಪಾದ ಶಿಖರ ಕತ್ತರಿಸಿಕೊಟ್ಟೆ. ಕೆಸರು ಬಳಿದಾದ ಮೇಲೆ ಅದು ಚಾಮುಂಡಿ ಬೆಟ್ಟದ ಹಾಗೆ ಗುಂಡಗಾಯಿತು. ಸರಿ, ಅದನ್ನೂ ನುಂಗಿಕೊಂಡೆ. ಆದರೆ ಹಬ್ಬ ಶುರುವಾದ ಮರುದಿನ ಬೆಳಿಗ್ಗೆ, ಅಮ್ಮ ಸ್ನಾನಕ್ಕೆ ಹೋಗಿದ್ದಾಗ, ಇಳಿಜಾರಿನಲ್ಲಿ ನಿಂತಿದ್ದ ಒಬ್ಬ ಸಿಪಾಯಿಯನ್ನು ಮೆಲ್ಲಗೆ ಮಲಗಿಸಿದೆ.

ಬಚ್ಚಲಿನಿಂದ ಬಂದವಳ ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಯಾರದು ಇದನ್ನ ಮಾಡಿದ್ದು?"

"ಅಮ್ಮ, ಯುದ್ಧ ಅಂದ್ಮೇಲೆ ಯಾರಾದ್ರೂ ಸಾಯ್ಬೇಕಲ್ವಾ? ಎಷ್ಟು ಜನ ಅಲ್ಲಿ ಪ್ರಾಣ ಬಿಟ್ರು ಗೊತ್ತಾ ನಿನಗೆ? ಎಲ್ರನ್ನೂ ನಿಲ್ಲಿಸಿಬಿಟ್ರೆ ಅದು ಸುಳ್ಳಾಗಲ್ವಾ?"

"ನಿನ್ನ ನಿಜ ನಿನ್ನ ಕಪಾಟಲ್ಲಿ ಇಟ್ಕೋ. ನನ್ನ ಹಾಲಲ್ಲಿ ಯಾರೂ ಸಾಯೋ ಹಾಗಿಲ್ಲ!"

ಒದ್ದೆ ಕೈಯಲ್ಲೇ ಅವನನ್ನು ಎತ್ತಿ ನಿಲ್ಲಿಸಿದಳು. ಆ ದಿನ ನನಗೆ ಕಾಫಿ ಕೊಟ್ಟದ್ದು ನನ್ನ ಹೆಂಡತಿ.

ಅಮ್ಮನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮಹಡಿಯ ಮನೆಗೆ ಆ ವರ್ಷ ಮಳೆಗಾಲದ ಶುರುವಿನಲ್ಲಿ ತಾಯಿ ಮತ್ತು ಮಗಳು ಬಾಡಿಗೆಗೆ ಬಂದಿದ್ದರು. ಬೆಳಗಾವಿ ಕಡೆಯ ಹಳ್ಳಿಯವರು. ಮಗಳಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ, ಸ್ಕೂಟರಿನಲ್ಲಿ ಓಡಾಡುತ್ತಾಳೆ, ಎಲ್ಲರ ಹತ್ತಿರವೂ ನಗುನಗುತ್ತ ಮಾತು. ತಾಯಿಗೆ ಐವತ್ತರ ಆಸುಪಾಸು, ಮಾತು ಕಡಿಮೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು ಎಂದಷ್ಟೇ ನಮಗೆ ಗೊತ್ತಿದ್ದದ್ದು. ಊರಿನ ಸುದ್ದಿಯನ್ನೆಲ್ಲ ಬಗೆದು ಬಗೆದು ಕೇಳುವ ಅಮ್ಮ, ಗಂಡ ಹೇಗೆ ತೀರಿಕೊಂಡ ಎಂಬುದೊಂದನ್ನು ಮಾತ್ರ ಯಾವ ಹೆಂಗಸಿನ ಹತ್ತಿರವೂ ಕೇಳುವುದಿಲ್ಲ.

ಆಕೆ ರೊಟ್ಟಿ ಬಡಿದಾಗ ಎರಡು ನಮಗೂ ಬರುತ್ತಿತ್ತು, ಅಮ್ಮನ ಸಾರು ಮೇಲಕ್ಕೆ ಹೋಗುತ್ತಿತ್ತು. ಅಷ್ಟು ಬಳಕೆ ಇದ್ದವರು ಗೊಂಬೆ ನೋಡಲು ಬರಬೇಡವೇ? ಅಮ್ಮ ಪಾಡ್ಯದ ದಿನವೇ ಕರೆದಿದ್ದಳು. ಆಕೆ ಬರಲಿಲ್ಲ. ಮತ್ತೆ ಕರೆದಳು. "ಬರ್ತೀನ್ರಿ ಅಮ್ಮಾರ" ಎಂದು ನಕ್ಕು, ಮತ್ತೆ ಬರಲಿಲ್ಲ. ಸಂಜೆಯಾದರೆ ಮಹಾಲಕ್ಷ್ಮಿ ಲೇಔಟಿನಿಂದ ಕೂಡ ಜನ ಬಂದು ನೋಡಿ ಹೋಗುತ್ತಿದ್ದರು. ಬೀದಿಯ ಮಕ್ಕಳು "ಆಂಟಿ, ಗೊಂಬೆ ಕೂರ್ಸಿದೀರಾ?" ಎಂದು ಗೇಟು ಬಡಿದು, ಕೋಡುಬಳೆ ಇಸಿದುಕೊಂಡು ಓಡುತ್ತಿದ್ದವು. ಮಹಡಿಯ ಮೆಟ್ಟಿಲಿನ ಕಡೆಯಿಂದ ಮಾತ್ರ ಯಾರ ಕಾಲ ಸಪ್ಪಳವೂ ಇಲ್ಲ.

"ದೂರದೂರದಿಂದ ಬರ್ತಾರೆ. ಇವಳಿಗೆ ಮೆಟ್ಟಿಲಿಳಿಯಕ್ಕಾಗಲ್ವಂತೆ. ಕೊಬ್ಬು" ಎಂದಳು ಅಮ್ಮ. ಅಮ್ಮನಿಗೆ ಯಾರ ಮೇಲಾದರೂ ಇಷ್ಟು ಕೋಪ ಬಂತೆಂದರೆ ಅವರ ಮೇಲೆ ಅಷ್ಟು ಪ್ರೀತಿ ಇದೆ ಎಂದು ಅರ್ಥ. ಆಕೆ ಒಮ್ಮೆ ಬಂದು ನೋಡಿ "ಚಲೋ ಐತ್ರಿ" ಎಂದುಬಿಟ್ಟರೆ ಅಮ್ಮನ ಹಬ್ಬ ಆದ ಹಾಗೆ.

ಆಯುಧ ಪೂಜೆಯ ದಿನ ನಮ್ಮ ಬೀದಿಯೇ ಒಂದು ದಂಡಿನ ಬೀಡು. ಆಟೋಗಳಿಗೆ ಬಾಳೆಕಂದು, ಕಾರುಗಳಿಗೆ ಚೆಂಡುಹೂವು, ಗಾಲಿಯ ಕೆಳಗೆ ನಿಂಬೆಹಣ್ಣು, ರಸ್ತೆಯ ತುಂಬ ಒಡೆದ ಬೂದುಗುಂಬಳ. ಮಹಡಿಯ ಹುಡುಗಿ ಸ್ಕೂಟರು ತೊಳೆದು ತಂದು ನಿಲ್ಲಿಸಿದಳು. ನನ್ನ ಹೆಂಡತಿ ಅದಕ್ಕೂ ನಮ್ಮ ಕಾರಿನ ಜೊತೆಗೇ ಪೂಜೆ ಮಾಡಿ, "ಬಾರೇ ಒಳಗೆ, ಕೋಡುಬಳೆ ತಗೊಂಡು ಹೋಗು" ಎಂದು ಕರೆದಳು. ಹುಡುಗಿ ಬಂದಳು. ಅಲ್ಲಿಯವರೆಗೆ ಅವಳೂ ನಮ್ಮ ಗೊಂಬೆ ನೋಡಿರಲಿಲ್ಲ, ಕೆಲಸ ಮುಗಿಸಿ ಬರುವಾಗ ಹೊತ್ತಾಗಿರುತ್ತಿತ್ತು.

ಕೋಡುಬಳೆ ಕಡಿಯುತ್ತ ಮೆಟ್ಟಿಲುಗಳನ್ನು ನೋಡಿಕೊಂಡು ಬಂದವಳು ಗುಡ್ಡದ ಮುಂದೆ ನಿಂತಳು.

"ಅಜ್ಜಿ, ಇದು ಕಾರ್ಗಿಲ್ ಅಲ್ವಾ?"

ಅಮ್ಮನ ಮುಖ ಊರಗಲವಾಯಿತು. "ನೋಡಿದ್ಯಾ! ನೋಡಿದ ತಕ್ಷಣ ಗುರುತು ಹಿಡಿದ್ಲು. ನನ್ನ ಮಗ ಇದು ಯಾವ ಗುಡ್ಡಾನೂ ಅಲ್ಲ ಅಂತಾನೆ. ನಿನಗೆ ಹೇಗೆ ಗೊತ್ತಾಯ್ತು ಪುಟ್ಟಿ?"

"ನಮ್ಮಪ್ಪ ಅಲ್ಲೇ ಇದ್ರು ಅಜ್ಜಿ. ಮಿಲಿಟ್ರಿಯಲ್ಲಿ. ಆ ಯುದ್ಧದಲ್ಲೇ ಹೋದ್ರು. ನಾನಾಗ ಕೈಗೂಸು." ಎಷ್ಟೋ ಸಲ ಹೇಳಿ ರೂಢಿಯಾದ ಮಾತಿನ ಹಾಗೆ ಹೇಳಿದಳು. ಆಮೇಲೆ ಬಗ್ಗಿ, ಶೆಟ್ಟಿಯ ಅಂಗಡಿ ನೋಡಿ ಕಿಲಕಿಲ ನಕ್ಕಳು. "ಅಯ್ಯೋ, ಇಲ್ಲಿ ಕಿರಾಣಿ ಅಂಗಡೀನೂ ಐತಿ!" ಎಂದಳು. ಅಮ್ಮನಿಗೂ ಹೆಂಡತಿಗೂ ಟಾಟಾ ಹೇಳಿ ಹೊರಟುಹೋದಳು.

ಗುಡ್ಡದ ಸುತ್ತ ಸೀರಿಯಲ್ ಸೆಟ್ಟಿನ ಬಣ್ಣದ ದೀಪಗಳು ಮಿಣಮಿಣ ಅನ್ನುತ್ತಿದ್ದವು. ಅಮ್ಮ ಗೋಡೆ ಹಿಡಿದುಕೊಂಡು ಹೋಗಿ ಸ್ವಿಚ್ ಆರಿಸಿದಳು. ಮತ್ತೆ ಬಂದು ಅದರ ಮುಂದೆ ಕುರ್ಚಿಯಲ್ಲಿ ಕೂತಳು.

"ಅವಳ ಗಂಡ ಜೀವ ಬಿಟ್ಟ ಗುಡ್ಡಕ್ಕೆ ನಾನು ದೀಪದ ಸರ ಹಾಕಿದ್ದೀನಲ್ಲೋ" ಎಂದಳು ಕೊನೆಗೆ. "ಅದಕ್ಕೇ ಅವಳು ಬರ್ತಾ ಇಲ್ಲ. ಮಕ್ಕಳೆಲ್ಲ ಬೀದೀಲಿ ಹೇಳಿರ್ತವೆ, ಇವರ ಮನೇಲಿ ಕಾರ್ಗಿಲ್ ಮಾಡಿದಾರೆ ಅಂತ. ನಾನು ಕೊಬ್ಬು ಅಂದ್ನಲ್ಲೋ ಅವಳನ್ನ."

ಯುದ್ಧ ಅಂದ ಮೇಲೆ ಸಾಯಬೇಕಲ್ವಾ ಎಂದು ವಾದ ಮಾಡಿದವನು ನಾನು. ಆ ಸತ್ತವನ ಮಗಳೇ ಹಾಲಿಗೆ ಬಂದು ಕೋಡುಬಳೆ ತಿಂದು ಹೋಗಿದ್ದಳು.

"ತೆಗೆದುಬಿಡೋಣ್ವಾ?" ಎಂದಳು ಅಮ್ಮ. ಮರುಕ್ಷಣ ತಾನೇ "ಹೇಗೆ ತೆಗೆಯೋದು, ನಾಳೆ ಸಂಜೆವರೆಗೂ ಮುಟ್ಟೋ ಹಾಗಿಲ್ಲ" ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ "ತೆಗೆದುಬಿಡೋಣ್ವಾ?" ಎಂದಳು. ನಿಯಮದ ವಿಷಯದಲ್ಲಿ ಅಮ್ಮ ಹೀಗೆ ತಡವರಿಸಿದ್ದನ್ನು ನಾನು ನೋಡಿರಲೇ ಇಲ್ಲ. ಪಾಪ ಅನ್ನಿಸಿತು. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.

ವಿಜಯದಶಮಿಯ ಬೆಳಿಗ್ಗೆ, ಕಾಫಿ ಕುಡಿದವಳೇ, "ಕೈ ಹಿಡ್ಕೋ, ಮೇಲೆ ಹೋಗ್ಬೇಕು" ಎಂದಳು. ಮಂಡಿ ನೋವು ಶುರುವಾದ ಮೇಲೆ ಅವಳು ಮಹಡಿ ಹತ್ತಿದ್ದೇ ಇಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು, ಉಸ್ಸಪ್ಪಾ ಎಂದು, ಮಧ್ಯೆ ನನ್ನನ್ನೇ ಬೈದುಕೊಂಡು ಹತ್ತಿದಳು. "ಇಷ್ಟು ಎತ್ತರದ ಮೆಟ್ಟಿಲು ಯಾರು ಕಟ್ಟಿಸಿದ್ದು, ನಿಮ್ಮಪ್ಪನಿಗೆ ಬುದ್ಧಿ ಬೇಡ್ವಾ?"

ಬಾಗಿಲು ತೆಗೆದ ಆಕೆಗೆ ಗಾಬರಿ. "ಅಯ್ಯ ಅಮ್ಮಾರ, ನೀವ್ಯಾಕ್ರಿ ಹತ್ತಿ ಬಂದ್ರಿ, ಕರದಿದ್ರ ನಾನ ಬರ್ತಿದ್ನಲ್ರಿ" ಎಂದು ಕೈ ಹಿಡಿದು ಕೂರಿಸಿದಳು. ಎದುರಿನ ಗೋಡೆಯಲ್ಲಿ ಸಮವಸ್ತ್ರದ ಫೋಟೋ, ಅದಕ್ಕೆ ಗಂಧದ ಹಾರ. ಅಮ್ಮ ನೋಡಿದಳು. ನನ್ನ ಕಡೆ ತಿರುಗಿ, ಪಿಸುಗುಟ್ಟಲು ಹೋಗಿ ಗಟ್ಟಿಯಾಗೇ ಅಂದಳು: "ಮೀಸೇನೂ ಸರಿಯಾಗಿ ಬಂದಿಲ್ವಲ್ಲೋ ಇನ್ನೂ."

ಆಕೆ ನಕ್ಕಳು. "ಹೌದ್ರಿ. ಈಗ ನೋಡಿದ್ರ ನನ್ನ ಮಗನಂಗ ಕಾಣ್ತಾರ."

ಅಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. "ನೋಡಮ್ಮಾ, ನನಗೆ ಗೊತ್ತಿರಲಿಲ್ಲ. ಆ ಯುದ್ಧ ಮರೀಬಾರದು ಅಂತಲೇ ಆ ಗುಡ್ಡ ಮಾಡ್ತೀನಿ. ಆದ್ರೆ ಎಷ್ಟಂದ್ರೂ ಅದು ಗೊಂಬೆ ಆಟಾನೇ ತಾನೆ. ನಿನ್ನ ಮನಸ್ಸಿಗೆ ನೋವಾಗಿದ್ರೆ ಹೇಳು, ಈಗಲೇ ಹೋಗಿ ಕಿತ್ತಾಕ್ತೀನಿ. ನಿಯಮ ಹಾಳಾಗ್ಲಿ."

ಉರುಳಿದ ಸಿಪಾಯಿಗೆ ತುಪ್ಪದ ದೀಪ ಹಚ್ಚುವವಳ ಬಾಯಲ್ಲಿ ಈ ಮಾತು!

"ಕೀಳಬ್ಯಾಡ್ರಿ, ದೇವರಾಣಿ ಕೀಳಬ್ಯಾಡ್ರಿ" ಎಂದಳು ಆಕೆ. "ನನ್ನ ಮಗಳು ಬಂದು ಹೇಳಿದ್ಲು, ಅಜ್ಜಿ ಅಪ್ಪನ ಗುಡ್ಡ ಮಾಡ್ಯಾರ ಅಂತ. ನನಗ ಖುಷಿ ಆತ್ರಿ. ನಮ್ಮೂರಾಗ ಅವರ ಹೆಸರಲೆ ಒಂದು ಸರ್ಕಲ್ ಮಾಡ್ಯಾರ. ವರ್ಷಕ್ಕೊಮ್ಮೆ ಹಾರ ಹಾಕಿ, ಭಾಷಣ ಮಾಡಿ ಹೋಗ್ತಾರ. ಉಳಿದ ದಿನ ಅಲ್ಲಿ ಬಸ್ ನಿಲ್ತಾವು, ಚಾ ಕುಡಿತಾರ, ಅಷ್ಟ. ನೀವು ಮನಿಯೊಳಗ ಇಟ್ಕೊಂಡೀರಿ."

"ಮತ್ತೆ ಯಾಕಮ್ಮಾ ಕೆಳಗೆ ಬರಲಿಲ್ಲ ನೀನು?"

ಆಕೆ ಸೆರಗಿನ ತುದಿ ಸುತ್ತಿದಳು. "ಆರತಿ, ಕುಂಕುಮ ಎಲ್ಲಾ ಇರ್ತಾವಲ್ರಿ. ಮುತ್ತೈದೇರು ಬಂದಿರ್ತಾರ. ಅಂಥಾ ಹೊತ್ತಿನಾಗ ನನ್ನಂಥಾಕಿ ನಡುವ ಯಾಕ ಬರಬೇಕಂತ..."

"ನನ್ನಂಥೋಳು ಅಂದ್ರೆ?" ಅಮ್ಮ ಕೂತಲ್ಲೇ ನೆಟ್ಟಗಾದಳು. "ನಾನ್ಯಾರೇ ಮತ್ತೆ? ಇವರಪ್ಪ ಹೋದ್ಮೇಲೂ ವರ್ಷ ವರ್ಷ ಗೊಂಬೆ ಕೂರಿಸ್ತಾ ಇಲ್ವಾ ನಾನು? ನನ್ನ ಮನೆ ಹಬ್ಬಕ್ಕೆ ನಾನು ಬರಬಹುದಂತೆ, ನೀನು ಬರಬಾರದಂತೆ. ಸಂಜೆ ಆರತಿ ಹೊತ್ತಿಗೇ ಬರ್ಬೇಕು. ಬರದಿದ್ರೆ ಮತ್ತೆ ಹತ್ತಿ ಬರ್ತೀನಿ, ನನ್ನ ಮಂಡಿ ಹೋದ್ರೆ ಅದು ನಿನ್ನ ತಲೆ ಮೇಲೆ."

ಹೇಳಿದ್ದು ಹಾಗೆ. ಆದರೆ ಅಪ್ಪ ಹೋದ ಮೇಲೆ ಅಮ್ಮನೂ ಆರತಿ ತಟ್ಟೆ ಮುಟ್ಟಿಲ್ಲ. ಗುಡ್ಡ ಮಾಡುತ್ತಾಳೆ, ಹಿಮ ಹರಡುತ್ತಾಳೆ, ಆರತಿಯ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತುಬಿಡುತ್ತಾಳೆ. ರಾಜ-ರಾಣಿಯನ್ನು ಮಲಗಿಸುವುದು ಆಗಿನಿಂದ ನನ್ನ ಹೆಂಡತಿಯ ಕೆಲಸ. ಅಮ್ಮನಿಗೆ ಯಾರೂ ಹಾಗೆ ಮಾಡು ಎಂದಿಲ್ಲ. ನಾನು ರೇಗಿದ್ದೇನೆ, ಹೆಂಡತಿ ಬೇಡಿಕೊಂಡಿದ್ದಾಳೆ, ಕೇಳಿಲ್ಲ.

ಸಂಜೆ ಆಕೆ ಬಂದಳು. ಮಗಳೂ ಜೊತೆಗಿದ್ದಳು. ಅಮ್ಮ ಕುರ್ಚಿ ಹಾಕಿಸಿದರೂ ಕೂರದೆ, ನೆಲದ ಮೇಲೆ ಗುಡ್ಡದ ಎದುರಿಗೆ ಕೂತಳು. ಮೇಲಿನ ಮೆಟ್ಟಿಲುಗಳ ಕಡೆ ನೋಡಲೇ ಇಲ್ಲ. ಟ್ಯಾಂಕಿನ ಗುಂಡಿಯ ಚಕ್ರ ಮುಟ್ಟಿ ನೋಡಿದಳು. ಹಿಮದ ನಡುವಿನ ರಾಗಿ ಪೈರನ್ನು ಅಂಗೈಯಲ್ಲಿ ಸವರಿದಳು. ನಾನು ತಡೆಯಲಾರದೆ, "ಅಲ್ಲಿ ಪೈರು ಬೆಳೆಯಲ್ಲ, ಇದೆಲ್ಲ ಅಮ್ಮನ..." ಎಂದು ಶುರುಮಾಡಿದೆ. ಹೆಂಡತಿ ತೋಳು ಚಿವುಟಿದಳು.

ಆಕೆ ಒಬ್ಬೊಬ್ಬನೇ ಸಿಪಾಯಿಯನ್ನು ನೋಡುತ್ತ ಬಂದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. "ಅಮ್ಮಾರ, ಒಬ್ಬಾಂವನೂ ಬಿದ್ದಿಲ್ಲಲ್ರಿ?"

ಅಮ್ಮ ನನ್ನ ಮುಖ ನೋಡಲಿಲ್ಲ. "ಹಬ್ಬದ ಮಧ್ಯೆ ಗೊಂಬೆ ಮಲಗಬಾರದಮ್ಮಾ. ಇವತ್ತು ಆರತಿ ಆದ್ಮೇಲೆ ಮಲಗಿಸ್ತೀವಿ. ಅಲ್ಲೀವರೆಗೂ ಎಲ್ರೂ ನಿಂತೇ ಇರ್ಬೇಕು" ಎಂದಳು. ಅವಳ ದನಿಯಲ್ಲಿ ಅಳುಕಿತ್ತು. ಅದು ಸುಳ್ಳಾಗಲ್ವಾ ಎಂದು ನಾನು ಕೇಳಿದ್ದು ಅವಳಿಗೆ ಆಗ ನೆನಪಾಗಿರಬೇಕು.

ಆಕೆ ತಲೆಯಾಡಿಸಿದಳು. "ಚಲೋ ಪದ್ಧತಿ ಐತ್ರಿ. ಎಲ್ಲಾರೂ ನಿಂತಾರ. ಇಷ್ಟು ವರ್ಷ ನಾ ಕಣ್ಣು ಮುಚ್ಚಿದ್ರ ಅವರು ಬಿದ್ದದ್ದ ಕಾಣ್ತಿತ್ತು. ನಿಂತದ್ದು ಇವತ್ತ ನೋಡಿದೆ."

ಹೆಂಡತಿ ಆರತಿ ಎತ್ತಿದಳು. ಅಮ್ಮ ಅಡುಗೆಮನೆ ಬಾಗಿಲಿಗೆ ಹೋಗಲಿಲ್ಲ, ಆಕೆಯ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಆರತಿ ಮುಗಿದು, ಹೆಂಡತಿ ಪುಟ್ಟ ಹಾಸಿಗೆ ತಂದು ಮಣೆಯ ಮೇಲೆ ಹಾಸಿ, ರಾಜ-ರಾಣಿಯನ್ನು ಎತ್ತಿಕೊಳ್ಳಲು ಹೋದಾಗ ಅಮ್ಮ ಕೈ ಅಡ್ಡ ಮಾಡಿದಳು.

"ಈ ಸಲ ಅವಳು ಮಲಗಿಸ್ಲಿ."

"ನಾನೂ ಅದನ್ನೇ ಅಂದ್ಕೊಂಡೆ ಅತ್ತೆ" ಎಂದಳು ಹೆಂಡತಿ.

"ನಾನ್ರಿ?" ಎಂದಳು ಆಕೆ. ಎದ್ದಳು. ಆದರೆ ರಾಜ-ರಾಣಿಯ ಕಡೆ ಹೋಗಲಿಲ್ಲ. ಗುಡ್ಡದ ತುದಿಯಲ್ಲಿ ತುರಾಯಿ ಮುರಿದ ಒಬ್ಬ ಸಿಪಾಯಿ ನಿಂತಿದ್ದ. "ಇವರನ್ನ ಮಲಗಿಸ್ಲೇನ್ರಿ?" ಎಂದು ಕೇಳಿದಳು.

ಪಟ್ಟದ ಗೊಂಬೆಯ ಹಾಸಿಗೆಯಲ್ಲಿ ಅದಕ್ಕೆ ಮೊದಲು ಬೇರೆ ಗೊಂಬೆ ಮಲಗಿದ್ದೇ ಇಲ್ಲ. ಅಮ್ಮ, "ಮಲಗ್ಸಮ್ಮಾ" ಎಂದಳು.

ಆಕೆ ಸಿಪಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಅವರನ್ನ ಊರಿಗೆ ತಂದಾಗ ಪೆಟಗಿ ಮುಚ್ಚೇ ಇತ್ರಿ. ಮಂದಿ ಅಂದ್ರ ಮಂದಿ, ಜಯಕಾರ, ಬ್ಯಾಂಡು. ನಾ ಕೂಸು ಎತ್ಕೊಂಡು ದೂರ ನಿಂತಿದ್ದೆ. ಆ ಗದ್ದಲದಾಗ ನನಗ ಹತ್ರ ಹೋಗಾಕ ಆಗ್ಲಿಲ್ಲ. ಒಮ್ಮೆ ಕೈ ಹಚ್ಚಾಕ ಆಗ್ಲಿಲ್ರಿ." ಇಷ್ಟು ಹೇಳಿ, ಅವನ ಹೆಗಲ ಮೇಲೆ, ತಲೆಯ ಮೇಲೆ ಅಂಟಿಕೊಂಡಿದ್ದ ಹತ್ತಿಯ ಹಿಮವನ್ನು ಬೆರಳಿನಿಂದ ಒಂದಿಷ್ಟೂ ಬಿಡದೆ ಬಿಡಿಸಿ ತೆಗೆದಳು. ಪೊರಕೆ ಕಡ್ಡಿಯ ಬಂದೂಕನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಹಾಸಿಗೆಯ ಮೇಲೆ ಮಲಗಿಸಿ, ಅಮ್ಮ ಕೊಟ್ಟ ಕರ್ಚೀಫು ಹೊದಿಸಿ, ಎದೆಯ ಮೇಲೆ ಅಂಗೈ ಇಟ್ಟಳು.

"ಮಲಗ್ರಿ ಇನ್ನ" ಎಂದಳು.

ಮಗಳು ತಾಯಿಯ ಬೆನ್ನಿಗೆ ಮುಖ ಒತ್ತಿಕೊಂಡಳು. ನನ್ನ ಹೆಂಡತಿ ಅಳುತ್ತಿದ್ದಳು. ನಾನೂ ಅತ್ತೆ, ಅದರಲ್ಲೇನು ನಾಚಿಕೆ. ಕಪಾಟು ತುಂಬ ಪುಸ್ತಕ ಓದುವಾಗ ನನಗೆ ಒಂದು ಸಲವೂ ಅಳು ಬಂದಿರಲಿಲ್ಲ. ಹೊರಡುವಾಗ ಅಮ್ಮ ಆ ಸಿಪಾಯಿಯನ್ನು ಕರ್ಚೀಫಿನ ಸಮೇತ ಆಕೆಯ ಮಡಿಲಿಗೆ ಹಾಕಿದಳು. ಖಾಲಿಯಾದ ಹಾಸಿಗೆಯಲ್ಲಿ ಆಮೇಲೆ ರಾಜ-ರಾಣಿ ಮಲಗಿದರು.

ಮರುದಿನ ನಾವು ಗೊಂಬೆ ತೆಗೆದೆವು. ಅಮ್ಮ ಕುರ್ಚಿಯಲ್ಲಿ ಕೂತು ಸಿಪಾಯಿಗಳನ್ನು ಒಬ್ಬೊಬ್ಬನಾಗಿ ಸೀರೆಯ ಚೂರಿನಲ್ಲಿ ಸುತ್ತಿ ಕೊಟ್ಟಳು, ನಾನು ಟ್ರಂಕಿಗೆ ಹಾಕಿದೆ. ಎಲ್ಲ ಮುಗಿಯಿತು. ಅವಳು ಎಂದಿನ ಮಾತು ಕೇಳಲಿ ಎಂದು ಮುಚ್ಚಳ ಹಿಡಿದುಕೊಂಡು ಕಾದೆ. ಕೇಳಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅಮ್ಮ, ಎಲ್ರೂ ಬಂದ್ರಾ?"

"ಒಬ್ಬ ಮನೆಗೆ ಹೋದ ಕಣೋ" ಎಂದಳು. "ಮುಚ್ಚು."